ಇಜೇರಿಯಲ್ಲಿ ಇಜೇರಿಯವರಿಲ್ಲ

ನಿನ್ನೆ ಕೊರಿಯರ್‌ನವ ಬಾಗಿಲು ಬಡಿದು, "ಅಫಜಲಪುರದವ್ರ ಮನಿ ಇದೇ ಏನ್ರಿ?" ಎಂದ. ಬಾಗಿಲ ಮೇಲೆ ಹಿತ್ತಾಳೆ ಫಲಕದಲ್ಲಿ ನಮ್ಮ ಅಡ್ಡಹೆಸರು 'ಇಜೇರಿ' ಎಂದು ಕೆತ್ತಿಸಿದ್ದೇನೆ ನೋಡ್ರಿ. ಜೇವರ್ಗಿಗೆ ಬಂದು ಇಷ್ಟು ವರ್ಷವಾದರೂ ಈ ಓಣಿಯ ಒಬ್ಬ ಪುಣ್ಯಾತ್ಮನೂ ಅದನ್ನು ಓದಿದ ಹಾಗಿಲ್ಲ. ಬೈಯಲು ಬಾಯಿ ತೆರೆದೆ, ಅಪ್ಪ ನೆನಪಾದರು.

ಅಕ್ಕನ ಮದುವೆ ಗೊತ್ತಾದಾಗ ನಾವು ಅಫಜಲಪುರದಲ್ಲಿದ್ದೆವು. ನಿಶ್ಚಯಕ್ಕೆ ಗಂಡಿನ ಅಣ್ಣತಮ್ಮಕಿಯ ದಾಯಾದಿಗಳೇ ಎರಡು ಜೀಪು ತುಂಬ ಬಂದಿಳಿದರು. ನಮ್ಮ ಕಡೆ ಗಂಡಸರೆಂದರೆ ಅಪ್ಪ ಮತ್ತು ಇನ್ನೂ ಮೀಸೆ ಬಾರದ ನಾನು. "ನಿಮ್ಮ ಮಂದಿ ಎಲ್ರೀ?" ಎಂದರು ಬೀಗರು. ಅಜ್ಜ ಒಬ್ಬನೇ ಊರು ಬಿಟ್ಟು ಬಂದವ, ಅವನಿಗೆ ಅಪ್ಪ ಒಬ್ಬನೇ ಮಗ. "ಮದುವಿಗೆ ಬರ್ತಾರ್ರಿ" ಎಂದು ಅಪ್ಪ ಸುಳ್ಳು ಹೇಳಿಬಿಟ್ಟರು. ಆಮೇಲೆ ಎಲೆಯ ಮೇಲಿನ ಹೋಳಿಗೆಯನ್ನು ಅವರು ಮುಟ್ಟಲೇ ಇಲ್ಲ.

ಮರುದಿನವೇ ಇಬ್ಬರೂ ಇಜೇರಿಗೆ ಬಸ್ಸು ಹತ್ತಿದೆವು. ಅಡ್ಡಹೆಸರೇ ಇಜೇರಿ ಎಂದಮೇಲೆ ಅಲ್ಲಿ ಓಣಿಗೊಂದು ಇಜೇರಿ ಮನೆ ಇದ್ದೇ ಇರುತ್ತದೆಂದು ಅಪ್ಪನ ನಂಬಿಕೆ. ಕಟ್ಟೆಯ ಮೇಲಿನ ಮುದುಕರೊಬ್ಬರು ಎಲೆಅಡಿಕೆ ಉಗುಳಿ ನಕ್ಕರು. "ಇಜೇರ್ಯಾಗ ಇಜೇರಿ ಯಾರಿರ್ತಾರ್ರೀ? ಊರ ಬಿಟ್ಟು ಹೋದವ್ರಿಗಿ ಹೋದಲ್ಲಿ ಮಂದಿ ಆ ಹೆಸರು ಇಡ್ತಾರ. ನಾವು ಇಲ್ಲೇ ಕುಂತೀವಿ, ನಮಗ್ಯಾರು ಇಡಬೇಕು?"

ನಮ್ಮ ಬಾಜೂ ಮನೆಯವರೇ ಆಳಂದ ಅಡ್ಡಹೆಸರಿನವರು, ಆಳಂದದಿಂದ ಬಂದವರು. ಅದು ಗೊತ್ತಿದ್ದೂ ನಮಗೆ ಹೊಳೆದಿರಲಿಲ್ಲ, ಶಾಣ್ಯಾರು ನಾವು! ಅಪ್ಪ ಸೋತ ದನಿಯಲ್ಲಿ ಅಜ್ಜನ ಹೆಸರು ಹೇಳಿದರು.

"ಅಯ್ಯ, ಖಜೂರ್ಯಾವ್ರ ಶರಣಪ್ಪ! ಬಾವಿ ಹಗ್ಗದ ಸಲುವಾಗಿ ಅಣ್ಣನ ಕೂಡ ಜಗಳಾಡಿ ಹೋದಾಂವ!"

ಹಿಂದೆ ನಮ್ಮ ಹಿರೀಕರಲ್ಲಿ ಯಾರೋ ಖಜೂರಿ ಎಂಬ ಊರಿನಿಂದ ಇಲ್ಲಿಗೆ ಬಂದಿದ್ದರಂತೆ. ಹಾಗಾಗಿ ಇಜೇರಿಯಲ್ಲಿ ನಮ್ಮವರು ಖಜೂರಿ. ಏಳು ಮನೆ, ಏಳರಲ್ಲೂ ಅಪ್ಪನದೇ ಡೊಣ್ಣೆ ಮೂಗು! ಅಪ್ಪ ಮೊದಲ ಮನೆಯ ಹೊಸ್ತಿಲಲ್ಲೇ ಕೂತು ಅತ್ತರು.

ಮದುವೆಗೆ ಏಳೂ ಮನೆಯವರು ಟ್ರಕ್ಕು ತುಂಬ ಬಂದರು. ಅಡುಗೆಯವನು ಅನ್ನಕ್ಕೆ ಮೂರು ಸಲ ಎಸರಿಟ್ಟ. "ಅವ್ರು ಖಜೂರಿ, ನೀವು ಇಜೇರಿ, ಇದ್ಹ್ಯಾಂಗ್ರಿ?" ಎಂದು ಬೀಗರು ಕೇಳಿದರೆ ಅಪ್ಪ ಮೂಗು ಮುಟ್ಟಿ, "ಹೆಸರು ಬಿಡ್ರಿ, ಇದನ್ನ ನೋಡ್ರಿ" ಎಂದರು.

ಕೊರಿಯರ್‌ನವ ಇನ್ನೂ ನಿಂತೇ ಇದ್ದ. "ಹೌದಪ್ಪಾ, ಅಫಜಲಪುರದವ್ರು ನಾವೇ" ಎಂದು ಸಹಿ ಮಾಡಿದೆ. ಸಂಜೆ ಮಗಳನ್ನು ಕೂರಿಸಿಕೊಂಡು ಹೇಳಿದೆ: "ಮುಂದ ನಮ್ಮವ್ರನ್ನ ಹುಡುಕೋದಾದ್ರ ಅಫಜಲಪುರದಾಗ ಇಜೇರಿ ಅಂತ ಕೇಳು, ಇಜೇರ್ಯಾಗ ಖಜೂರಿ ಅಂತ ಕೇಳು."

"ಖಜೂರ್ಯಾಗ ಏನಂತ ಕೇಳ್ಲಿ?"

"ಏನೂ ಕೇಳಬ್ಯಾಡವ್ವಾ. ಮೂಗು ತೋರ್ಸು."