ಎರಡಕ್ಷರದ ಕಸುಬು

ಅವನ ಎಡಗೈ ಬೆರಳ ತುದಿಗಳು ಹುಣಸೆಬೀಜದ ಹಾಗೆ ಕಪ್ಪಗೆ, ನುಣ್ಣಗೆ, ಗಟ್ಟಿಯಾಗಿದ್ದವು. ಒಲೆಯ ಕೆಂಡವನ್ನು ಆ ಬೆರಳಲ್ಲೇ ಎತ್ತಿ ಬೀಡಿ ಹಚ್ಚಿಕೊಳ್ಳುತ್ತಿದ್ದ, ಸುಡುತ್ತಿರಲಿಲ್ಲ. ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗೆ. ಗಿಟಾರಿನ ಪಟ್ಟಿ ಜಗ್ಗಿ ಜಗ್ಗಿ ಹಾಗಾಗಿತ್ತು.

ನಂಜನಗೂಡಿನಲ್ಲಿ ಅವನ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಅವನಿಗೆ ಹೆಂಡತಿ ಇರಲಿಲ್ಲ, ನನಗೆ ಗಂಡ ಇರಲಿಲ್ಲ. ಬೀದಿಯವರು ಆ ಗೋಡೆಗೆ ಒಂದಷ್ಟು ದಿನ ಕಿವಿ ಕೊಟ್ಟರು. ಕೇಳಿದ್ದು ಬರೀ ಜಗಳ. ಸುಮ್ಮನಾದರು.

ಜಗಳ ಬಂದದ್ದು ನನ್ನ ತಟ್ಟೆಯಿಂದ. ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವುದು ಅವನ ಕಸುಬು. ಗಿಟಾರ್ ಅಂದರೆ ಟಿಣ್ ಟಿಣ್ ಅನ್ನುವುದಲ್ಲ. ನಾಲ್ಕೇ ತಂತಿ, ಒಂದಕ್ಕಿಂತ ಒಂದು ದಪ್ಪ, ಗುಮ್ಮ್ ಅನ್ನುತ್ತಿದ್ದವು. ಮಧ್ಯಾಹ್ನ ಅವನು ಸಾಧನೆಗೆ ಕೂತರೆ ಈಚೆ ಗೂಡಿನಲ್ಲಿಟ್ಟ ನನ್ನ ಕಂಚಿನ ತಟ್ಟೆ ಜುಂಯ್ ಎಂದು ನಡುಗುತ್ತಿತ್ತು. ಒಂದು ದಿನ ಹೋಗಿ ಬೈದೆ.

"ಅಲ್ಲಯ್ಯ, ನಿನ್ನ ಗುಮ್ಮಾಟಕ್ಕೆ ನನ್ನ ತಟ್ಟೆ ಯಾಕೆ ಕುಣೀಬೇಕು?"

ಅವನಿಗೆ ಸಿಟ್ಟು ಬರಲಿಲ್ಲ. ಕಣ್ಣರಳಿತು. "ಯಾವಾಗ ಕುಣೀತದೆ ಏಳಕ್ಕ. ನೀ ಒಳೀಕೋಗು, ನಾ ಒಂದೊಂದೇ ನುಡಿಸ್ತೀನಿ. ಕುಣಿದಾಗ ಕೂಗು."

ಬೈಯಲು ಹೋದವಳು ತಟ್ಟೆ ಕಾಯುತ್ತ ಕೂತೆ. ಅವನು ಒಂದೊಂದಾಗಿ ನುಡಿಸುತ್ತ ಬಂದ. ತಟ್ಟೆ ಸುಮ್ಮನೆ, ಸುಮ್ಮನೆ, ಸುಮ್ಮನೆ. ದಪ್ಪ ತಂತಿಯಲ್ಲಿ ಒಂದು ಕಡೆ ಒತ್ತಿದಾಗ ಮಾತ್ರ ಜುಂಯ್. "ಈಗ" ಎಂದು ಕೂಗಿದೆ. ಬೇರೆ ಯಾವುದಕ್ಕೂ ಅದು ಅಲ್ಲಾಡಲಿಲ್ಲ. ಯಾಕೆ ಅದೊಂದಕ್ಕೇ ಎಂದು ನನಗೂ ಕುತೂಹಲ ಹತ್ತಿಕೊಂಡಿತು. ಕೇಳಿದರೆ, "ಅದು ನಿನ್ನ ತಟ್ಟೆ ಎಸರು ಕಣಕ್ಕ. ಎಸರಿಡಿದು ಕರೆದ್ರೆ ಓಗುಡ್ತದೆ" ಅಂದ.

ಇನ್ನೊಂದು ಸಲ ಕೇಳಿದೆ. "ಮದ್ವೆ ಮನೇಲಿ ಜನ ಹಾಡೋಳನ್ನ ನೋಡ್ತಾರೆ, ಡ್ರಮ್ಮಿನವನನ್ನ ನೋಡ್ತಾರೆ. ನೀನು ನುಡಿಸೋದು ಯಾರಿಗೂ ಕೇಳಾಕಿಲ್ಲ. ಯಾಕೆ ನುಡಿಸ್ತಿ?"

"ನೀ ನಡೀವಾಗ ಕಾಲಿನ ಇಮ್ಮಡಿ ನೋಡ್ಕಂಡು ನಡೀತೀಯಾ?" ಅಂದ. ಅಷ್ಟೇ.

ಆಗ ರೇಷನ್ ಕಾರ್ಡಿಗೆ ಬರೆದುಕೊಳ್ಳಲು ಒಬ್ಬರು ಬಂದರು. "ಏನು ಕೆಲಸ?" ಎಂದು ಕೇಳಿದರು. ಇವನು ಕೈಕಟ್ಟಿ ನಿಂತು "ಬೇಸ್, ಸಾ" ಅಂದ. ಕುರ್ಚಿ ಮೇಲೆ ಕೂತವರು ಯಾರೇ ಆಗಲಿ ಸಾ ಅನ್ನದೆ ಮಾತಾಡುತ್ತಿರಲಿಲ್ಲ. ಕಾರ್ಡು ಬಂದಾಗ ನನ್ನ ಕೈಗೆ ಕೊಟ್ಟ. ಓದು ಬರಹದ ಕ್ಲಾಸಿಗೆ ಹೋಗಿ ನಾನು ಹೊಸದಾಗಿ ಅಕ್ಷರ ಕೂಡಿಸುತ್ತಿದ್ದ ಕಾಲ. ಬೆರಳಿಟ್ಟು ಓದಿದೆ. ಬೇ. ಸಾ. ಯ.

ಕೊತ್ತಂಬರಿ ಬಿತ್ತುವಷ್ಟೂ ಭೂಮಿ ಇಲ್ಲದವನು ಬೇಸಾಯಗಾರನಾದ. ಬೀದಿಯವರು ಬಿಡುತ್ತಾರೆಯೇ? "ಏನಣ್ಣ, ಈ ಸಲ ರಾಗಿ ಎಂಗೆ?" ಎಂದು ಕೇಳುವರು. ಅವನೂ "ಎಲ್ಲಾ ಗುಮ್ಮ್ ಅಂತ ಬಂದದೆ" ಅನ್ನುವನು. ಒಳಗೆ ಮಾತ್ರ ಚುಚ್ಚುತ್ತಿತ್ತು. ಒಂದು ದಿನ ಕಾರ್ಡು ಹಿಡಿದು ಹೇಳಿದ: "ನನ್ನ ಕಸುಬು ಎರಡೇ ಅಕ್ಷರ ಕಣಕ್ಕ. ಮೂರ್ನೇದು ಬಂದ್ರೆ ಅದು ನಾನಲ್ಲ."

ಅವನ ಹಳೆಯ ಆಂಪ್ಲಿಫೈಯರ್ ಒಂದು ದೊಡ್ಡ ಮರದ ಪೆಟ್ಟಿಗೆ. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿದರೇ ಸದ್ದು. ಇಬ್ಬರು ಹಿಡಿದರೂ ತಿಣುಕುವಷ್ಟು ಭಾರ. ಅದನ್ನು ಬಸ್ಸಿನ ಟಾಪಿಗೇರಿಸಿ, ನರಸೀಪುರ, ತಾಂಡವಪುರ, ಹದಿನಾರು ಎಂಬ ಊರುಗಳಲ್ಲಿ ಹದಿನೈದು ವರ್ಷ ಇಳಿಸಿ ಹತ್ತಿಸಿ ಅವನ ಸೊಂಟ ಹೋಯಿತು. ಇನ್ನು ಭಾರ ಎತ್ತಿದರೆ ಕಾಲೇ ಬರುವುದಿಲ್ಲ ಎಂದರು ಡಾಕ್ಟರು.

ಆರ್ಕೆಸ್ಟ್ರಾದ ಯಜಮಾನರು ಕೆಟ್ಟವರಲ್ಲ. ಮನೆಗೇ ಬಂದು ಹೇಳಿದರು: "ಈಗ ಕೀಬೋರ್ಡಲ್ಲೇ ಬೇಸ್ ಬತ್ತದೆ, ಎಡಗೈಲಿ ಒತ್ತಿದ್ರೆ ಆಯ್ತು. ಪೆಟ್ಟಿಗೆ ತರಬೇಡ. ಗಿಟಾರ್ ತಗಲಾಕ್ಕಂಡು ಸುಮ್ನೆ ನಿಂತ್ಕೋ. ವೈರ್ ಬ್ಯಾಡ."

ಅವರು ಹೋದ ಮೇಲೆ ಅವನು ಎರಡು ದಿನ ಗೋಡೆಯಾಚೆ ಸದ್ದು ಮಾಡಲಿಲ್ಲ. ತಟ್ಟೆ ಸುಮ್ಮನಿತ್ತು. ಮೂರನೆಯ ದಿನ ನಾನೇ ಹೋಗಿ ಕೇಳಿದೆ, ಏನು ಮಾಡ್ತೀಯ ಅಂತ. "ಬೆದರುಬೊಂಬೆ ಆಗೋಕಿಂತ ಬಿಟ್ಬುಡ್ತೀನಿ" ಅಂದ.

ಆ ವಾರವೇ ಮೈಸೂರಿನಿಂದ ಇನ್ನೊಬ್ಬ ಬೇಸಿನವನು ಬಂದ, ಅವನ ಗೆಳೆಯ, ಚರ್ಚಿನಲ್ಲಿ ನುಡಿಸುವವನು. ಹೊಸ ಆಂಪ್ಲಿಫೈಯರನ್ನು ಎಳೆಗೂಸಿನ ಹಾಗೆ ಒಂದೇ ಕಂಕುಳಲ್ಲಿ ಎತ್ತಿಕೊಂಡು ಬಸ್ಸಿಳಿದಿದ್ದ. ಹೊಸ ತರದ್ದು, ಹಗುರ, ಬೇಕಾದರೆ ಇಟ್ಟುಕೊಳ್ಳಿ ಅಂದ. ಸುದ್ದಿ ಕೇಳಿ ನರಸೀಪುರದ ಬೇಸಿನವನೂ ಬಂದ. ಮೂವರೂ ಒಳಗೆ ಸೇರಿ ಸರದಿಯ ಮೇಲೆ ನುಡಿಸಿದರು. ನಾನು ಈಚೆ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮಾತೆಲ್ಲ ಕೇಳುತ್ತಿತ್ತು.

"ಎಷ್ಟು ಕ್ಲೀನ್ ನೋಡಣ್ಣ. ಒಂದೊಂದು ಸ್ವರನೂ ಸುಲಿದಿಟ್ಟ ರಸಬಾಳೆ" ಎಂದ ಮೈಸೂರಿನವನು.

"ಸುಲಿದಿಟ್ರೆ ಏನ್ಲಾ, ವಟ್ಟೆ ತುಂಬಬ್ಯಾಡ್ವಾ?" ಎಂದ ನರಸೀಪುರದವನು. "ಇದು ಪಾನಕ ಕುಡಿದಂಗದೆ. ಮುದ್ದೆ ಉಂಡಂಗಿಲ್ಲ."

"ನಿನಗೆ ಮುದ್ದೆ ಬಿಟ್ರೆ ಬೇರೆ ಗೊತ್ತಿಲ್ಲ."

"ನಿನಗೆ ಮುದ್ದೇನೇ ಗೊತ್ತಿಲ್ವಲ್ಲ."

ನಮ್ಮವನು ನುಡಿಸಿದ, ನಿಲ್ಲಿಸಿದ, ಮತ್ತೆ ನುಡಿಸಿದ. ಆಮೇಲೆ ಅಂದ: "ಹಳೇದು ಮಾತಾಡೋದು. ಇದು ಓದ್ತದೆ."

ಆ ಮಾತು ನನಗೆ ತಾಗಿತು. ಅಕ್ಷರ ಕೂಡಿಸಿ ಓದುವುದಕ್ಕೂ ಮಾತಾಡುವುದಕ್ಕೂ ಇರುವ ಅಂತರ ನನಗೆ ಗೊತ್ತು. ಗೂಡಿನ ಕಡೆ ನೋಡಿದೆ. ಅವನು ತಟ್ಟೆಯ ಸ್ವರವನ್ನು ಆಗಲೇ ಹತ್ತು ಸಲ ನುಡಿಸಿದ್ದ. ತಟ್ಟೆ ಉಸಿರೇ ಬಿಟ್ಟಿರಲಿಲ್ಲ. ಇಷ್ಟು ಹತ್ತಿರ ಕರೆದರೂ ಯಾಕೆ ಓಗೊಡಲಿಲ್ಲ ಎಂದು ಮೊರ ಬದಿಗಿಟ್ಟು ಎದ್ದು ಹೋದೆ.

ಒಳಗೆ ನೋಡಿದರೆ ಹೊಸ ಪೆಟ್ಟಿಗೆಯನ್ನು ಕುರ್ಚಿ ಮೇಲೆ ಕೂರಿಸಿದ್ದಾರೆ. ಕೆಳಗೆ ಮಡಿ ಟವಲು, ನೆತ್ತಿಗೆ ಕುಂಕುಮ, ಒಂದು ಸೇವಂತಿಗೆ. ಹಳೆಯದನ್ನು ಕುರ್ಚಿಗೆ ಎತ್ತುವ ಗಂಡಸು ಹುಟ್ಟಿರಲಿಲ್ಲ, ಅದು ನೆಲದಲ್ಲೇ ಇರುತ್ತಿತ್ತು. ಇದು ಹಗುರ ಇದೆಯಲ್ಲ, ಮರ್ಯಾದೆ ಮಾಡಿದ್ದಾರೆ.

"ಬೀಗರನ್ನ ಕೂರಿಸ್ದಂಗೆ ಕೂರಿಸಿದೀರಲ್ಲ" ಅಂದೆ. "ರುಬ್ಬೋ ಕಲ್ಲನ್ನ ಯಾರಾದ್ರೂ ಕುರ್ಚಿ ಮೇಲೆ ಮಡಗ್ತಾರಾ? ನೆಲ ಇಡ್ಕಬೇಕು ಅದು. ಇಳಿಸಿ."

"ಕುಂಕುಮ ಇಟ್ಟಿದ್ದು ನಾನಲ್ಲಮ್ಮ, ನಾನು ಚರ್ಚಿನೋನು" ಎಂದ ಮೈಸೂರಿನವನು.

"ಹೊಸಾ ವಸ್ತುನ ನೆಲಕ್ಕೆ ಮಡಗೋದಾ?" ಎಂದು ನರಸೀಪುರದವನು ಗೊಣಗಿದ. ನಮ್ಮವನು ತಾನೇ ಎತ್ತಿ, ನನ್ನ ಗೋಡೆಗೆ ಒತ್ತಿ ನೆಲಕ್ಕಿಟ್ಟ. ನಾನು ಹೋಗಿ ತಟ್ಟೆ ಮುಂದೆ ನಿಂತೆ.

ಗುಮ್ಮ್. ತಟ್ಟೆ ಸುಮ್ಮನಿತ್ತು. ಇನ್ನೊಂದು ಗುಮ್ಮ್. ಆಮೇಲೆ ಜುಂಯ್ ಎಂದಿತು, ಹಳೆಯದರಷ್ಟಲ್ಲ, ಆದರೆ ಎಂದಿತು. "ಈಗ" ಎಂದು ಕೂಗಿದೆ. ಆಚೆ ಕಡೆ ಮೂರೂ ಜನ ನಕ್ಕದ್ದು ಕೇಳಿಸಿತು.

ಇನ್ನೊಂದು ತಕರಾರಿತ್ತು. ಹಗುರವಾದ್ದರಿಂದ ಗಾರೆ ನೆಲದ ಮೇಲೆ ಆ ಪೆಟ್ಟಿಗೆ ತನ್ನ ನಡುಕಕ್ಕೆ ತಾನೇ ಸರಿದು ಹೋಗುತ್ತಿತ್ತು. ನನ್ನ ರುಬ್ಬುಗುಂಡು ತಂದು ಅದರ ನೆತ್ತಿಗೆ ಹೇರಿದೆ. ನಿಂತಿತು. "ಅಗುರ ಅಂತ ತಂದು ಕಲ್ಲೇರಿಸಿದ್ರಲ್ಲಪ್ಪ" ಎಂದ ನರಸೀಪುರದವನು.

ಮುಂದಿನ ಕಾರ್ಯಕ್ರಮ ನರಸೀಪುರದ ಛತ್ರದಲ್ಲಿ, ಸಂಜೆ ಆರತಕ್ಷತೆ. ಪೆಟ್ಟಿಗೆ ಅವನು ಹಿಡಿದ, ಕಲ್ಲು ನಾನು ಹಿಡಿದೆ. ಬಸ್ಸಿನಲ್ಲಿ ಚೀಲ ಮುಟ್ಟಿ ನೋಡಿದ ಕಂಡಕ್ಟರ್, "ಯಾರ ತಲೆ ಮೇಲೆ ಆಕೋಕಮ್ಮ?" ಅಂದ. ವೇದಿಕೆಯಲ್ಲಿ ಇವನು ವೈರು ಸಿಕ್ಕಿಸಿದ್ದು ಕಂಡು ಯಜಮಾನರು ಮುಖ ಗಂಟಿಕ್ಕಿದರು. ಅಲ್ಲಿ ನನ್ನ ತಟ್ಟೆ ಇಲ್ಲ. ವೇದಿಕೆಯ ಹಲಗೆ ಮೇಲೆ ಅಂಗೈ ಊರಿಕೊಂಡು ನಿಂತೆ. ಮೊದಲ ಹಾಡು ಮುಗಿಯಿತು. ಎರಡನೆಯದರ ನಡುವೆ ಯಜಮಾನರು ಕೀಬೋರ್ಡಿನವನ ಕಡೆ ತಿರುಗಿ ಸನ್ನೆ ಮಾಡಿದರು. ಕೀಬೋರ್ಡಿನವನು ಬೇಸ್ ಒತ್ತುತ್ತಿದ್ದ ಎಡಗೈ ಎತ್ತಿ ಜೇಬಿಗಿಟ್ಟುಕೊಂಡ. ಹಲಗೆ ನನ್ನ ಅಂಗೈಯಡಿ ನಡುಗುತ್ತಲೇ ಇತ್ತು.

ವಾಪಸು ಬರುವಾಗ, ಹಳೇದರಂಗೆ ಆಯ್ತಾ ಎಂದು ಕೇಳಿದೆ. "ಇಲ್ಲ. ಓದ್ತದೆ ಅಷ್ಟೇ" ಅಂದ. ಬಸ್ಸಿಳಿಯುವಾಗ, "ಓದೋದೂ ಸುಲಭ ಅಲ್ಲ ಕಣಕ್ಕ, ನಿನಗೆ ಗೊತ್ತಲ್ಲ" ಅಂದ. ಸಾಯುವ ತನಕ ಅದರಲ್ಲೇ ನುಡಿಸಿದ. ವೈರು ಕೀಳಲಿಲ್ಲ.

ಒಂದು ಮಧ್ಯಾಹ್ನ ತಟ್ಟೆ ನಡುಗಲಿಲ್ಲ. ಹೋಗಿ ನೋಡಿದೆ, ಚಾಪೆ ಮೇಲೆ ಹೋಗಿಬಿಟ್ಟಿದ್ದ. ನರಸೀಪುರದವನೂ ಮೈಸೂರಿನವನೂ ಬಂದು ಹೆಗಲು ಕೊಟ್ಟರು. ಹಗುರ ಇದ್ದ ಎಂದರು.

ಮರಣದ ಕಾಗದ ಮಾಡಿಸಲು ಹೋದವಳು ನಾನು. ಗುಮಾಸ್ತರು ತಲೆ ಎತ್ತದೆ ಕೇಳಿದರು.

"ಉದ್ಯೋಗ?"

"ಬೇಸ್."

ಜೊತೆಗೆ ಕೊಟ್ಟಿದ್ದ ರೇಷನ್ ಕಾರ್ಡು ನೋಡಿ ಬರೆದುಕೊಂಡರು. "ಕಾಗದ ಇತ್ತ ತಿರುಗಿಸಪ್ಪ" ಅಂದೆ. ಬೆರಳಿಟ್ಟು ಎಣಿಸಿದೆ. ಮೂರು.

"ಮೂರನೇದು ಹೊಡೆದಾಕಪ್ಪ."

ಅವರು ನನ್ನನ್ನೊಮ್ಮೆ ನೋಡಿ ಆ ಯ ಮೇಲೆ ಗೀಟೆಳೆದರು. ಉಳಿದದ್ದನ್ನು ಕೂಡಿಸಿ ಓದಿದೆ. ಬೇ. ಸಾ. ಎರಡೇ ಅಕ್ಷರ, ಲೆಕ್ಕ ಸರಿ. ಅವನು ಕೈಕಟ್ಟಿ ನಿಂತು ಹೇಳುತ್ತಿದ್ದದ್ದೂ ಹಾಗೇ.

"ಸಾಕಾ ಅಜ್ಜಿ?"

"ಆ ಸಾ ನೂ ತೆಗ್ದು ಬರೀ ಸ್ ಮಡಗು" ಅಂದೆ. "ಇನ್ನು ಅವನು ಯಾರಿಗೂ ಸಾ ಅನ್ನಬೇಕಾಗಿಲ್ಲ."