ಸಮುದ್ರದ ಮೀನಿಗೆ ಕಾರ್ಕಳದ ನೀರು

ಎಂಬತ್ತರ ದಶಕದ ಸುರುವಿನಲ್ಲಿ ನನ್ನ ಗಂಡ ಬಹ್ರೈನಿನಿಂದ ರಜೆಯಲ್ಲಿ ಬಂದಾಗ ಎಲ್ಲರಂತೆ ಟೇಪ್ ರೆಕಾರ್ಡರ್ ತರಲಿಲ್ಲ. ಗಾಳಿ ಊದುವ ಒಂದು ಸಣ್ಣ ಪಂಪು, ಪ್ಲಾಸ್ಟಿಕ್ ಕೊಳವೆ, ಗಾಜು ಅಂಟಿಸುವ ಗೋಂದು ತಂದರು. ಅವರ ಆಫೀಸಿನಲ್ಲಿ ಸಮುದ್ರದ ಮೀನು ಸಾಕುವ ಗಾಜಿನ ಪೆಟ್ಟಿಗೆ ಇತ್ತಂತೆ. ಅದನ್ನು ನೋಡಿ ಹುಚ್ಚು ಹಿಡಿದಿತ್ತು.

ಉಡುಪಿಯಲ್ಲಿ ಗಾಜು ಕತ್ತರಿಸಿ ತಂದು ಶಂಕರಪುರದ ನಮ್ಮ ಮನೆಯ ಚಾವಡಿಯಲ್ಲೇ ಕೂತು ಪೆಟ್ಟಿಗೆ ಮಾಡಿದರು. ತಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಮಟ್ಟುವಿನ ಕಡಲತೀರದಿಂದ ತಂದ ದಪ್ಪ ಮರಳು, ಚಿಪ್ಪಿನ ಚೂರು. ಗಾಳಿ ಕೊಳವೆಯಲ್ಲಿ ಮೇಲೇರುವಾಗ ಹಲಗೆಯ ಅಡಿಯ ನೀರನ್ನೂ ಎಳೆದುಕೊಂಡು ಬರುತ್ತಿತ್ತು. ಹಾಗೆ ಪೆಟ್ಟಿಗೆಯ ನೀರೆಲ್ಲ ಮರಳಿನ ಮೂಲಕ ಸೋಸಿ ಸುತ್ತುತ್ತಿತ್ತು. ಕಾಪುವಿನ ಬಂಡೆಗಳ ನಡುವೆ ನಿಂತ ನೀರಿನಿಂದ ಕಪ್ಪು ಪಟ್ಟೆಯ ಸಣ್ಣ ಮೀನುಗಳನ್ನು ಹಿಡಿದು ತಂದು ಬಿಟ್ಟರು.

ಹೊರಡುವಾಗ ನನಗೆ ಹೇಳಿದ್ದು ಇಷ್ಟು: "ಆಹಾರ ಚೂರೇ ಚೂರು ಹಾಕು. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ಸಮುದ್ರದ ನೀರು ಹಾಕು. ದಿನಾ ಆವಿಯಾಗಿ ಇಳಿದ ನೀರಿಗೆ ಮಾತ್ರ ಬಾವಿಯ ಸಿಹಿನೀರು. ಉಪ್ಪು ಹಾರಿಹೋಗುವುದಿಲ್ಲ, ನೀರು ಮಾತ್ರ ಹೋಗುವುದು, ನೆನಪಿರಲಿ."

ಅತ್ತೆಗೆ ಇದು ಮೊದಲ ದಿನದಿಂದಲೇ ಸರಿಬರಲಿಲ್ಲ. ನಾನು ಅವರನ್ನು ಮಾಮಿ ಎಂದು ಕರೆಯುತ್ತಿದ್ದೆ. ಮನೆ, ಬಾವಿ, ಬಾವಿಯ ಪಕ್ಕದ ಮಲ್ಲಿಗೆ ತೋಟ ಎಲ್ಲ ಅವರ ಕೈಯಲ್ಲಿತ್ತು. "ಮೀನು ಸಾರಿಗೆ ಆಗುವುದು. ಚಾವಡಿಯಲ್ಲಿ ಕೂರಿಸಿ ಸಾಕಲಿಕ್ಕೆ ಅದೇನು ನೆಂಟನಾ?" ಎಂದರು.

ಗಂಡ ಹೋಗಿ ಸ್ವಲ್ಪ ಸಮಯದಲ್ಲೇ ನೀರು ಹಸಿರಾಯಿತು. ಕಲ್ಲುಗಳ ಮೇಲೆ ಕೂದಲಿನಂಥ ಪಾಚಿ ಬೆಳೆಯಿತು. ಉಜ್ಜಿ ತೆಗೆದರೆ ಮತ್ತೆ ಬರುತ್ತಿತ್ತು. ನಾನು ಮರಳನ್ನೆಲ್ಲ ತೆಗೆದು ಬಾವಿಕಟ್ಟೆಯಲ್ಲಿ ಅಕ್ಕಿ ತೊಳೆದ ಹಾಗೆ ತೊಳೆದೆ. ಅದಾದ ಮೇಲೆ ಇನ್ನೂ ಕೆಟ್ಟಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು, ಒಂದೊಂದೇ ಸತ್ತವು.

ಒಂದು ಬೆಳಿಗ್ಗೆ ನೀರಿನ ಮೇಲೆ ಮಲ್ಲಿಗೆಯ ಮೊಗ್ಗು ತೇಲುತ್ತಿತ್ತು. ನನ್ನ ಸಂಶಯ ಮಾಮಿಯ ಮೇಲೆ ಹೋಯಿತು. ಮಾಮಿ ಹೂ ಕಟ್ಟಲು ಕೂರುವುದು ಚಾವಡಿಯಲ್ಲೇ. ನಾನು ಶಾಲೆಗೆ ಪಾಠ ಮಾಡಲು ಹೋದರೆ ಸಂಜೆಯವರೆಗೆ ಪೆಟ್ಟಿಗೆಯ ಹತ್ತಿರ ಅವರೊಬ್ಬರೇ. ಅನ್ನ ಹಾಕುತ್ತಾರೋ, ಸಾಬೂನಿನ ಕೈ ಅದ್ದುತ್ತಾರೋ? ಅಂದಿನಿಂದ ಹೋಗುವಾಗ ಪೆಟ್ಟಿಗೆಯ ಮುಚ್ಚಳದ ಮೇಲೆ ಒಂದು ಚಿಪ್ಪನ್ನು ಗುರುತಿಗೆ ಇಟ್ಟು ಹೋಗುತ್ತಿದ್ದೆ. ಬಂದಾಗ ಅದು ಇಟ್ಟಲ್ಲೇ ಇರುತ್ತಿತ್ತು. ಅದರಿಂದ ನನ್ನ ಸಂಶಯ ಹೆಚ್ಚೇ ಆಯಿತು: ನೋಡಿ, ಹಾಗೆಯೇ ತಿರುಗಿ ಇಡುತ್ತಾರೆ ಎಂದುಕೊಂಡೆ.

ಮಾಮಿಗೂ ನನ್ನ ಮೇಲೆ ಸಂಶಯವಿತ್ತು. ಗಂಡ ಊರಲ್ಲಿಲ್ಲದ ಹೆಂಗಸು ಆದಿತ್ಯವಾರ ಆದರೆ ಸಾಕು, ಕ್ಯಾನು ಹಿಡಿದು ಮಟ್ಟುವಿಗೆ ಹೋಗುತ್ತಾಳೆ. ಒಂದು ಆದಿತ್ಯವಾರ ಕ್ಯಾನು ತೆಗೆದುಕೊಳ್ಳುವಾಗ ಅವರು ಸೀರೆ ಉಟ್ಟು ತಯಾರಾಗಿ ನಿಂತಿದ್ದರು.

"ನಾನೂ ಬರುತ್ತೇನೆ."

"ಎಂತಕ್ಕೆ ಮಾಮಿ?"

"ಸಮುದ್ರ ನೋಡಲಿಕ್ಕೆ. ನನಗೆ ನೋಡಬಾರದು ಅಂತ ಉಂಟಾ?"

ಅವರು ಸಮುದ್ರ ನೋಡಲಿಲ್ಲ. ನಾನು ಯಾರ ಹತ್ತಿರ ಮಾತಾಡುತ್ತೇನೆ ಎಂದು ನೋಡಿದರು. ಮೊಣಕಾಲವರೆಗೆ ನೀರಿಗಿಳಿದು ಕ್ಯಾನು ತುಂಬಿಸಿದೆ, ಬಲೆ ಸರಿಮಾಡುತ್ತಿದ್ದವರಲ್ಲಿ ಒಬ್ಬರು ಎಳನೀರು ತೋರಿಸಿ "ಬೊಂಡ ಬೇಕಾ ಅಕ್ಕ?" ಎಂದರು, ಬೇಡ ಎಂದೆ, ಅಷ್ಟೇ.

ಉಳಿದ ಮೀನುಗಳನ್ನಾದರೂ ಉಳಿಸಬೇಕೆಂದು ಉಡುಪಿಯ ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ್ದ ಮೇಡಮ್ ಬಳಿ ಹೋದೆ. ಅವರು ಎಲ್ಲ ಕೇಳಿ, "ಮರಳನ್ನು ಅಷ್ಟು ತೊಳೆದದ್ದು ಯಾಕೆ? ಮೀನಿನ ಹೊಲಸನ್ನು ತಿಂದು ಕರಗಿಸುವ ಕಣ್ಣಿಗೆ ಕಾಣದ ಜೀವಗಳು ಆ ಮರಳಿನಲ್ಲಿಯೇ ಇರುವುದು. ನೀವು ಕೆಲಸದವರನ್ನೇ ಓಡಿಸಿದಿರಿ," ಎಂದರು. ಆಮೇಲೆ ಕೇಳಿದರು, "ದಿನಾ ಮೇಲಿಂದ ಹಾಕುವ ನೀರು ಎಲ್ಲಿಯದು?"

"ಮನೆಯ ಬಾವಿಯದು."

"ಬಾವಿಯ ಹತ್ತಿರ ಎಂತ ಉಂಟು?"

ಬಾವಿಯ ಹತ್ತಿರ ಮಲ್ಲಿಗೆ ತೋಟ. ತೋಟದ ಬದಿಯಲ್ಲಿ ಸಗಣಿ ಗೊಬ್ಬರದ ರಾಶಿ, ನೆನೆಸಿಟ್ಟ ನೆಲಗಡಲೆ ಹಿಂಡಿ, ಮಾಡಿನ ಕೆಳಗೆ ಯೂರಿಯಾ ಚೀಲ. ಹೇಳುತ್ತಾ ಹೋದಂತೆ ನನಗೇ ಹೊಳೆಯಿತು. ಗಿಡಕ್ಕೆ ಹಾಕಿದ್ದು ನೆಲಕ್ಕಿಳಿದು ಬಾವಿಗೆ ಬಂದರೆ, ನಾನು ದಿನಾ ಕೊಡಪಾನದಲ್ಲಿ ತಂದು ಪೆಟ್ಟಿಗೆಗೆ ಸುರಿಯುತ್ತಿದ್ದದ್ದು ಗೊಬ್ಬರ. ನೀರು ಆವಿಯಾಗುತ್ತದೆ, ಗೊಬ್ಬರ ಉಳಿದು ದಿನದಿನಕ್ಕೆ ಕೂಡುತ್ತದೆ. ಪಾಚಿಗೆ ಇನ್ನೇನು ಬೇಕು?

ಬೇರೆ ಬಾವಿಯ ನೀರಿನ ಜೊತೆ ಹೋಲಿಸಿ ನೋಡಿ ಎಂದರು ಮೇಡಮ್. ನಾನು ಕಾರ್ಕಳದ ನನ್ನ ತಾಯಿಮನೆಗೆ ಹೋಗಿ ಅಲ್ಲಿಯ ಬಾವಿಯಿಂದ ಒಂದು ಕ್ಯಾನು ನೀರು ತಂದೆ. ಅದು ಕಲ್ಲಿನಲ್ಲಿ ತೋಡಿದ ಬಾವಿ, ಸುತ್ತ ಯಾವ ತೋಟವೂ ಇಲ್ಲ. ಅದೇ ನಾನು ಮಾಡಿದ ತಪ್ಪು ಲೆಕ್ಕ. ಗಂಡನ ಮನೆಗೆ ತಾಯಿಮನೆಯ ನೀರು ತರುವುದೆಂದರೆ ಏನರ್ಥ ಎಂದು ಯೋಚಿಸಿರಲಿಲ್ಲ.

"ಇದೆಂತ?" ಮಾಮಿ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. "ನಮ್ಮ ಬಾವಿಯ ನೀರಿಗೆ ವಿಷ ಬಿದ್ದಿದೆಯಾ? ಈ ನೀರು ಕುಡಿದೇ ನಿನ್ನ ಗಂಡ ಬೆಳೆದದ್ದು."

ನಾನು ವಿವರಿಸಿದೆ. ಅವರು ಎದ್ದು ಒಳಗೆ ಹೋದರು.

ಎರಡು ಬಾಟ್ಲಿಗಳಲ್ಲಿ ಸಮುದ್ರದ ನೀರು ತುಂಬಿಸಿ, ಒಂದಕ್ಕೆ ನಮ್ಮ ಬಾವಿಯದು, ಇನ್ನೊಂದಕ್ಕೆ ಕಾರ್ಕಳದ್ದು ಬೆರೆಸಿದೆ. ಎರಡಕ್ಕೂ ಪೆಟ್ಟಿಗೆಯ ಹಸಿರು ನೀರು ಒಂದೊಂದು ಚಮಚ ಹಾಕಿ ಕಿಟಕಿಯಲ್ಲಿಟ್ಟೆ. ನಮ್ಮ ಬಾವಿಯದು ಬೇಗ ದಟ್ಟ ಹಸಿರಾಯಿತು. ಇನ್ನೊಂದು ಹೆಚ್ಚು ಕಡಿಮೆ ಹಾಗೇ ಉಳಿಯಿತು.

ಮಾಮಿ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಇದಕ್ಕೆ ನೀನು ಏನೋ ಹಾಕಿದ್ದಿ."

"ಹಾಗಾದರೆ ನೀವೇ ಮಾಡಿ ನೋಡಿ ಮಾಮಿ."

ಅವರು ನಿಜವಾಗಿಯೂ ಮಾಡಿದರು. ನನ್ನನ್ನು ಹತ್ತಿರ ಸೇರಿಸಲಿಲ್ಲ. ಹೂ ಕಟ್ಟುವ ಬಾಳೆನಾರಿನಿಂದ ಬಾಟ್ಲಿಗಳ ಬಾಯಿ ಬಿಗಿದು, ತನಗೆ ಮಾತ್ರ ಗೊತ್ತಾಗುವ ಹಾಗೆ ಗಂಟು ಹಾಕಿ, ತನ್ನ ಕೋಣೆಯ ಕಿಟಕಿಯಲ್ಲಿಟ್ಟು ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿದರು. ನನ್ನ ಚಿಪ್ಪಿನ ಗುರುತಿಗಿಂತ ಅದು ಎಷ್ಟೋ ಪಕ್ಕಾ ಕೆಲಸ.

ಫಲಿತಾಂಶವನ್ನು ಅವರು ನನಗೆ ಹೇಳಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಆಳುಗಳು ಗೊಬ್ಬರದ ರಾಶಿಯನ್ನು ತೋಟದ ಆಚೆ ಬದಿಗೆ ಸಾಗಿಸುತ್ತಿದ್ದರು. ಕುಡಿಯುವ ನೀರು ಪಕ್ಕದ ಮನೆಯ ಬಾವಿಯಿಂದ ಬರತೊಡಗಿತು. ಯಾಕೆಂದು ಪಕ್ಕದವರು ಕೇಳಿದರೆ "ನಮ್ಮ ಬಾವಿಯ ರಾಟೆ ಹಾಳಾಗಿದೆ" ಎಂದರು. ರಾಟೆ ಚೆನ್ನಾಗಿಯೇ ಇತ್ತು. ಇಷ್ಟು ಕಾಲ ಎಂತ ಕುಡಿದೆವು ಎಂದು ನಾನು ಯೋಚಿಸಿದೆ, ಅವರೂ ಯೋಚಿಸಿರಬೇಕು.

ಮಳೆಗಾಲದಲ್ಲಿ ಹಂಚಿನಿಂದ ಇಳಿದ ಮಳೆನೀರನ್ನು ಹಿಡಿದು ಪೆಟ್ಟಿಗೆಗೆ ಹಾಕಿದೆ. ಮರಳನ್ನು ಅಲುಗಾಡಿಸಲಿಲ್ಲ. ಪಾಚಿ ನಿಧಾನಕ್ಕೆ ಸೊರಗಿತು, ನೀರು ತಿಳಿಯಾಯಿತು. ಅಷ್ಟರಲ್ಲಿ ಎರಡೇ ಮೀನು ಉಳಿದಿದ್ದವು. ಆದರೆ ಅವು ಬಹಳ ಕಾಲ ಬದುಕಿದವು.

ಒಮ್ಮೆ ನಾನು ಜ್ವರ ಬಂದು ಮಲಗಿದ್ದಾಗ ವಾರದ ನೀರು ಬದಲಿಸುವ ಕೆಲಸವನ್ನು ಮಾಮಿಯೇ ಮಾಡಿದರು. ಸದ್ದು ಕೇಳಿ ನನಗೆ ಮಲಗಲಾಗಲಿಲ್ಲ. ಅವರು ಅಡುಗೆಮನೆಗೆ ಹೋದದ್ದು ನೋಡಿ, ಗೋಡೆ ಹಿಡಿದು ಚಾವಡಿಗೆ ಬಂದು ಬೆರಳದ್ದಿ ನಾಲಗೆಗಿಟ್ಟೆ. ಉಪ್ಪು ಸರಿಯಾಗಿತ್ತು.

"ಎಂತ, ನಂಬಿಕೆ ಇಲ್ವಾ?" ಹಿಂದೆಯೇ ನಿಂತಿದ್ದರು.

"ಹಾಗಲ್ಲ ಮಾಮಿ..."

"ನಂಬದಿದ್ದರೆ ಒಳ್ಳೆಯದೇ," ಎಂದು ಗಂಜಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ನಾನೂ ಈಗ ಉಪ್ಪು ಸರಿ ಉಂಟಾ ಅಂತ ನೋಡಲಿಕ್ಕೇ ಬಂದದ್ದು."