ಹಿಮದ ಮೇಲೆ ಪಾಳಿ ಕೇಳಿದ್ದು

ಈ ಮುದುಕಿ ಎಲ್ಲಿ ಹೋಗುತ್ತಾಳೆ ಎಂದುಕೊಂಡೇ ನನ್ನ ಮಗ ಆ ಮಾತು ಆಡಿದ್ದು. ಉತ್ತರದ ಗುಡ್ಡದ ಮೇಲೆ ಸ್ಕೀ ಕಲಿಸುವ ಶಿಬಿರವಿದೆ, ಹೋಗುತ್ತೇನೆ ಎಂದು ಮೊಮ್ಮಗಳು ಕುಣಿಯುತ್ತಿದ್ದಳು. ಹುಡುಗಿಯನ್ನು ಒಬ್ಬಳನ್ನೇ ಅಷ್ಟು ದೂರ ಕಳಿಸುವುದಿಲ್ಲ ಎಂದು ಅವಳಪ್ಪ ಹಟ ಹಿಡಿದಿದ್ದ. ಅವಳ ತಾಯಿಗೆ ಅಂಗನವಾಡಿಯಲ್ಲಿ ರಜೆ ಸಿಗಲಿಲ್ಲ. ಇವನಿಗೆ ಬ್ಯಾಂಕಿನಲ್ಲಿ ರಜೆ ಇತ್ತು, ಮನಸ್ಸಿರಲಿಲ್ಲ.

"ಬೇಕಾದ್ರ ಆಯಿ ಜೋಡಿ ಹೋಗ್ಲಿ," ಎಂದ, ಊಟದ ತಾಟು ನೋಡುತ್ತ.

"ಆಯಿ ಹೋಗ್ತಾಳ," ಎಂದೆ ನಾನು.

ಅವನು ತಲೆ ಎತ್ತಿ ನೋಡಿದ. ಆಡಿದ ಮಾತು ಆಗಿ ಹೋಗಿತ್ತು.

ಮೊಮ್ಮಗಳು ಜಮಖಂಡಿಯ ಕಾಲೇಜಿನಲ್ಲಿ ಓದುತ್ತಾಳೆ. ಸೈಕಲ್ ರೇಸಿನ ಹುಡುಗಿ. ನಮ್ಮ ಕಡೆ ಸೈಕಲ್ ಅಂದರೆ ಹುಚ್ಚು. ನಸುಕಿನಲ್ಲಿ ಮುಧೋಳ ರಸ್ತೆಗೆ ಹೋಗಿ ನಿಂತರೆ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ತಲೆ ತಗ್ಗಿಸಿಕೊಂಡು ತುಳಿಯುವ ಹುಡುಗ ಹುಡುಗಿಯರು ಕಾಣುತ್ತಾರೆ. ಹಿಂದಿನ ವರ್ಷ ಇವಳನ್ನು ತಂಡದಿಂದ ಕೈಬಿಟ್ಟರು. ಬೇರೆಯವರು ಇವಳಿಗಿಂತ ಜೋರಿದ್ದರು, ಅದರಲ್ಲಿ ಸುಳ್ಳಿಲ್ಲ. ಆಗ ಕಾಲೇಜಿನ ಆಟದ ಸರ್ ಹೇಳಿದರಂತೆ: ಸೈಕಲ್ ತುಳಿದ ತೊಡೆಗಳಿಗೆ ಸ್ಕೀ ಬೇಗ ಒಗ್ಗುತ್ತದೆ, ನಮ್ಮ ರಾಜ್ಯದಿಂದ ಅದಕ್ಕೆ ಹೋಗುವವರೇ ಕಡಿಮೆ, ಒಮ್ಮೆ ನೋಡು ಎಂದು. ಶಿಬಿರದ ಕೊನೆಗೆ ಒಂದು ಪರೀಕ್ಷೆ. ಪಾಸಾದವರನ್ನು ಮುಂದಿನ ಶಿಬಿರಕ್ಕೆ ಅಲ್ಲೇ ಉಳಿಸಿಕೊಳ್ಳುತ್ತಾರೆ. ಉಳಿದವರು ಊರಿಗೆ.

ಮಗ ಷರತ್ತು ಹಾಕಿದ. "ಇದೊಂದ ಸಲ. ಪಾಸಾಗ್ಲಿಲ್ಲಂದ್ರ ಸ್ಕೀನೂ ಇಲ್ಲ, ಸೈಕಲ್ಲೂ ಇಲ್ಲ. ಪುಸ್ತಕ ಹಿಡಕೊಂಡು ಮನ್ಯಾಗ ಕುಂಡ್ರಬೇಕು."

ಹುಡುಗಿ ಹೂಂ ಎಂದಳು. ಆ ಹೊತ್ತಿನಲ್ಲಿ ಬಾವಿಗೆ ಜಿಗಿ ಅಂದಿದ್ದರೂ ಹೂಂ ಎನ್ನುತ್ತಿದ್ದಳು.

ರೈಲು, ಮತ್ತೆ ರೈಲು, ಆಮೇಲೆ ಗುಡ್ಡ ಸುತ್ತುವ ಬಸ್ಸು. ಇಳಿದ ಕೂಡಲೇ ನನಗೆ ಸಿಟ್ಟು ಬಂದದ್ದು ಆ ಗುಡ್ಡದ ಮೇಲೆಯೇ. ಮೊಬೈಲಿನ ಫೋಟೋದಲ್ಲಿ ಹಿಂಜಿದ ಅರಳೆ ಹರವಿದ ಹಾಗೆ ಬೆಳ್ಳಗಿದ್ದ ಗುಡ್ಡ, ಕಣ್ಣೆದುರಿಗೆ ಒಣ ಹುಲ್ಲು ಮತ್ತು ಕಲ್ಲು. ನೆರಳಿನ ಬದಿಗೆ ಮಾತ್ರ ಒಂದು ಬಿಳಿ ಪಟ್ಟಿ. ಅಗಲ ನಮ್ಮ ಓಣಿಯಷ್ಟು. ಕೂಲಿಯವರು ದೇವದಾರು ಮರಗಳ ಬುಡದಲ್ಲಿ ಕರಗದೆ ಉಳಿದ ಹಿಮವನ್ನು ಸಲಿಕೆಯಿಂದ ಬುಟ್ಟಿಗೆ ತುಂಬಿ ತಂದು ಆ ಪಟ್ಟಿಯ ಮೇಲೆ ಸುರಿದು ತಟ್ಟುತ್ತಿದ್ದರು.

"ಇದನ್ನ ನೋಡಾಕ ಬಂದೇವೇನು?"

"ಹಂಗಾಮಿನ ಮೊದಲ ಹಿಮ ಆಯಿ. ಮೊದಲಿಗೆ ಹಿಂಗ ಇರ್ತೈತಂತ."

"ನಮ್ಮ ಹೊಲದ ಒಡ್ಡಿನ ಮ್ಯಾಲೆ ಉಪ್ಪು ಚೆಲ್ಲಿದ್ರೂ ಇದಕ್ಕಿಂತ ದಪ್ಪ ಆಗ್ತಿತ್ತು."

"ಚೆಲ್ಲಿ ಬರಬೇಕಿತ್ತು ಹಂಗಾರ," ಎಂದಳು ಆ ಹುಡುಗಿ, ಚೀಲ ಹೆಗಲಿಗೇರಿಸಿ.

ಪಟ್ಟಿಯ ಬದಿಗೆ ಒಂದು ಇಂಜಿನ್ನು, ಅದಕ್ಕೆ ಸುತ್ತುವ ಉದ್ದನೆಯ ಹಗ್ಗ. ಹಗ್ಗ ಹಿಡಿದರೆ ಅದು ಮೇಲಕ್ಕೆ ಎಳೆದೊಯ್ಯುತ್ತದೆ. ಅಲ್ಲಿಂದ ಜಾರಿ ಇಳಿಯುವುದು. ಕೆಲವರು ಕಾಲಿಗೊಂದರಂತೆ ಎರಡು ಉದ್ದ ಪಟ್ಟಿ ಕಟ್ಟಿಕೊಂಡಿರುತ್ತಾರೆ, ಅದು ಸ್ಕೀ. ಇನ್ನು ಕೆಲವರು ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಓರೆಯಾಗಿ ಜಾರುತ್ತಾರೆ. ಆ ಹಲಗೆಯ ಆಟ ನನಗೆ ನೋಡಿದ ಕೂಡಲೇ ತಿಳಿಯಿತು. ಸಣ್ಣವಳಿದ್ದಾಗ ಬಿತ್ತುವ ಮುಂಚೆ ಹೊಲ ಸಮ ಮಾಡಲು ಎತ್ತಿನ ಹಿಂದೆ ಹಲಗೆ ಕಟ್ಟುತ್ತಿದ್ದರು. ಭಾರಕ್ಕೆಂದು ನಮ್ಮನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು. ಬಿದ್ದರೆ ಮೆತ್ತನೆಯ ಮಣ್ಣು. ಇಲ್ಲಿ ಬಿದ್ದರೆ ಗೇಣುದ್ದವೂ ಇಲ್ಲದ ಹಿಮ, ಅದರ ಕೆಳಗೆ ಕಲ್ಲು.

ಶಿಬಿರದ ಕೋಚ್ ಅದೇ ಊರಿನವನು. ಕೆಲಸ ಬಲ್ಲವನು, ಮಕ್ಕಳ ಮೇಲೆ ಕೈ ಎತ್ತದವನು. ಆದರೆ ಇಂಜಿನ್ನು, ಹಗ್ಗ ಎಲ್ಲ ಪಕ್ಕದ ರೆಸಾರ್ಟಿನವು; ಅಲ್ಲಿಯ ಮ್ಯಾನೇಜರ್ ಎದುರಿಗೆ ಬಂದರೆ ಅವನ ಬಾಯಲ್ಲಿ ಹೂಂ ಒಂದೇ. ಪಟ್ಟಿ ಇದ್ದದ್ದು ಒಂದೇ, ಬಳಸುವವರು ಎರಡು ಕಡೆಯವರು. ಹಾಗಾಗಿ ಹಗ್ಗ ಶುರುವಾಗುವಲ್ಲಿ ಒಂದು ಬೋರ್ಡಿನ ಮೇಲೆ ಬರೆದಿದ್ದರು: ಬೆಳಿಗ್ಗೆ ಬಿಸಿಲು ಬಿದ್ದು ಹಿಮ ಮೆತ್ತಗಾದ ಮೇಲೆ ಮಧ್ಯಾಹ್ನದವರೆಗೆ ಶಿಬಿರದ ಮಕ್ಕಳಿಗೆ, ಆಮೇಲೆ ರೆಸಾರ್ಟಿನ ಅತಿಥಿಗಳಿಗೆ. ಅತಿಥಿಗಳು ಏಳುವುದೇ ತಡ, ಯಾರಿಗೂ ತೊಂದರೆ ಇರಲಿಲ್ಲ. ಮೊದಲ ದಿನಗಳು ಛಲೋ ನಡೆದವು. ಮೊಮ್ಮಗಳು ಬೀಳುತ್ತಿದ್ದಳು, ಏಳುತ್ತಿದ್ದಳು. ಕೋಚ್ ಅವಳಿಗೆ ಸೈಕಲ್‌ವಾಲಿ ಎಂದು ಹೆಸರಿಟ್ಟ.

ಆಮೇಲೆ ಬಸ್ಸು ತುಂಬ ಅತಿಥಿಗಳು ಬಂದರು. ಮ್ಯಾನೇಜರ್ ಬಂದು, ಇನ್ನು ಮೇಲೆ ಬೆಳಗಿನ ಹೊತ್ತು ಅತಿಥಿಗಳಿಗೆ, ಮಕ್ಕಳು ಸಂಜೆ ಆಡಲಿ ಎಂದ. ಸಂಜೆ ಅಂದರೆ ಪಟ್ಟಿಗೆ ಗುಡ್ಡದ ನೆರಳು ಬಿದ್ದು ಹಿಮವೆಲ್ಲ ಹೆಪ್ಪುಗಟ್ಟಿ ಗಾಜು. ಕೋಚ್ ಹೂಂ ಎಂದ. ಬೋರ್ಡಿನ ಮೇಲಿನ ಬರಹ ಹಾಗೇ ಉಳಿಯಿತು.

ಬೆಳಿಗ್ಗೆ ಮಕ್ಕಳು ಬೂಟು ಹಾಕಿಕೊಂಡು ಹಗ್ಗದ ಈಚೆ ನಿಂತು ನೋಡುತ್ತಿದ್ದರು. ಆಚೆ ಏನು ನಡೆಯುತ್ತಿತ್ತು? ಜಾರುವವರು ಕೈ ಬೆರಳಲ್ಲಿ ಎಣಿಸುವಷ್ಟು. ಮಿಕ್ಕವರು ಪಟ್ಟಿಯ ನಡುವೆ ನಿಂತು ವಿಡಿಯೊ ಮಾಡಿಕೊಳ್ಳುತ್ತಿದ್ದರು. ಗುಲಾಬಿ ಜಾಕೀಟಿನ ಒಬ್ಬಾಕೆ ಹಲಗೆಯ ಮೇಲೆ ಕುಳಿತಿದ್ದಳು, ಗಂಡ ಅವಳನ್ನು ಎಳೆದುಕೊಂಡು ಓಡಾಡುತ್ತಿದ್ದ. ಹಿಮದ ಮೇಲೆ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿದವರೂ ಇದ್ದರು. ಕುರ್ಚಿಯ ಕಾಲು ಊರಿದಲ್ಲೆಲ್ಲ ತೂತು. ಸಂಜೆ ಆ ತೂತುಗಳು ಹಾಗೇ ಗಟ್ಟಿಯಾಗಿ, ಮಕ್ಕಳು ಅದರ ಮೇಲೆ ಜಾರಬೇಕಿತ್ತು.

ಹುಡುಗಿಯ ಸೊಂಟದ ಪಕ್ಕ ನೀಲಿಗಟ್ಟಿತು. ನಾನು ಎಣ್ಣೆ ಹಚ್ಚುತ್ತ ಕೇಳಿದೆ. "ನಿಮ್ಮ ಸರ್‌ಗೆ ಹೇಳೀರೇನು?"

"ಹೇಳೇವಿ. ಅಡ್ಜಸ್ಟ್ ಮಾಡ್ಕೋರಿ ಅಂದ್ರು."

"ನಿಮಗ ಅಂದ್ರು. ಆ ಕುರ್ಚಿ ಮಂದಿಗೆ ಅಂದ್ರೇನು?"

"ಮೆತ್ತಗ ಹಚ್ಚ ಬೇ, ನೋಯ್ತೈತಿ."

ಅಡ್ಜಸ್ಟ್ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ಅತ್ತೆಯ ಮನೆಯಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ದವಾಖಾನೆಯಲ್ಲಿ ಕೇಳಿದ್ದೇನೆ. ತನ್ನದನ್ನು ಬಿಟ್ಟುಕೊಡಬೇಕಾದವರ ಬಾಯಿಂದ ಅದನ್ನು ಒಮ್ಮೆಯೂ ಕೇಳಿಲ್ಲ.

ಪರೀಕ್ಷೆಯ ದಿನ ಬಂತು. ಅವತ್ತಾದರೂ ಬೆಳಿಗ್ಗೆ ಪಟ್ಟಿ ಮಕ್ಕಳಿಗೆ ಎಂದು ಮಾತಾಗಿತ್ತು. ತಿಂಡಿಯ ಹೊತ್ತಿಗೆ ಮ್ಯಾನೇಜರ್ ಬಂದು ಕೋಚನ ಕಿವಿಯಲ್ಲಿ ಏನೋ ಹೇಳಿದ. ಕೋಚ್ ಮಕ್ಕಳ ಕಡೆ ತಿರುಗಿ, ಅತಿಥಿಗಳು ನಾಳೆ ಹೊರಡುತ್ತಾರೆ, ಇದು ಅವರ ಕೊನೆಯ ಬೆಳಗು, ಪರೀಕ್ಷೆ ಸಂಜೆ ಎಂದ. ಹೇಳುವಾಗ ತನ್ನ ಬೂಟು ನೋಡುತ್ತಿದ್ದ. ಮೊಮ್ಮಗಳ ಮುಖ ಸುಟ್ಟ ರೊಟ್ಟಿಯ ಹಾಗಾಯಿತು. ಸಂಜೆಯ ಗಾಜಿನ ಮೇಲೆ ಯಾರು ಪಾಸಾಗುತ್ತಾರೆ?

ನಾನು ರೂಮಿಗೆ ಹೋಗಿ, ಊರಿಂದ ಹೊತ್ತು ತಂದಿದ್ದ ಕೌದಿ ತಂದೆ. ನಾಲ್ಕು ಮಡಿಕೆ ಮಾಡಿ, ಹಗ್ಗ ಶುರುವಾಗುವ ಜಾಗದಲ್ಲೇ ಹಾಸಿ ಕುಳಿತೆ.

ನಮ್ಮ ಹೊಲ ಹುನ್ನೂರ ಕಡೆಗೆ. ಒಂದು ಬಾವಿ, ಹಲವು ಮನೆಗಳು. ಯಾವ ದಿನ ಯಾರ ಹೊಲಕ್ಕೆ ನೀರು ಎಂದು ಪಾಳಿ ಇರುತ್ತದೆ. ಪಾಳಿಯ ಹೊತ್ತಿಗೆ ಕರೆಂಟು ಹೋದರೆ ಅದು ನಿನ್ನ ದೈವ. ಆದರೆ ನಿನ್ನ ಪಾಳಿಯಲ್ಲಿ ಮತ್ತೊಬ್ಬ ನೀರು ತಿರುಗಿಸಿಕೊಂಡರೆ, ಆ ಮನೆಯ ಹೆಂಗಸು ಹೋಗಿ ಕಾಲುವೆಯ ಬಾಯಿಗೆ ಕುಳಿತುಬಿಡುತ್ತಾಳೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಕೂತವಳನ್ನು ದಾಟಿ ನೀರು ಹರಿಸುವ ಗಂಡಸು ನಮ್ಮಲ್ಲಿಲ್ಲ. ನಾನೂ ಕೂತಿದ್ದೇನೆ. ಇಲ್ಲಿಯೂ ಅದು ನಡೆಯುತ್ತದೆ ಎಂದು ನಾನು ಎಣಿಸಿದ್ದೆ. ಇಲ್ಲಿಯ ಮಂದಿಗೆ ಅದರ ಅರ್ಥವೇ ಗೊತ್ತಿಲ್ಲ ಎಂಬುದು ತಲೆಗೆ ಬರಲಿಲ್ಲ. ಮುದುಕಿಗೆ ತಲೆ ಸುತ್ತಿ ಕುಳಿತಿದ್ದಾಳೆ ಎಂದು ಒಬ್ಬ ನೀರಿನ ಬಾಟಲಿ ತಂದ.

ಇಂಜಿನ್ನು ನಿಂತಿತು. ಮ್ಯಾನೇಜರ್ ಬಂದ. ನನಗೆ ಬರುವ ಹಿಂದಿ ಜಮಖಂಡಿ ಪೇಟೆಯದು. ತರಕಾರಿ ಚೌಕಾಸಿಗೆ ಸಾಕು, ಜಗಳಕ್ಕೆ ಸಾಲದು. ಮೊಮ್ಮಗಳನ್ನು ಕರೆದೆ.

"ಅವಂಗ ಹೇಳ. ಈ ಹೊತ್ತು ಹುಡುಗುರದು. ಬೋರ್ಡಿನ ಮ್ಯಾಲೆ ಬರದಾರ, ಇನ್ನೂ ಅಳಿಸಿಲ್ಲ."

ಅವಳು ಹಿಂದಿಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ನಡುವೆ ಪ್ಲೀಸ್ ಎಂಬುದು ಕೇಳಿಸಿತು.

"ನಾ ಪ್ಲೀಸ್ ಅಂದಿಲ್ಲ."

"ಸುಮ್ನಿರ ಬೇ ಆಯಿ. ನನ್ನ ಹೆಸರ ಹೊಡದ ಹಾಕಿದ್ರ ಏನ ಮಾಡ್ಲಿ? ಇಲ್ಲಿ ಹುನ್ನೂರ ಮಾಡಬ್ಯಾಡ ನೀ."

"ಸಂಜಿಕ ಗಾಜಿನ ಮ್ಯಾಲೆ ಬಿದ್ದು ಆ ಹೆಸರು ಇಟ್ಕೊಂಡು ಏನ ಮಾಡ್ತಿ?"

ಮ್ಯಾನೇಜರ್ ಬಗ್ಗಿ ನಕ್ಕ. ಅಮ್ಮಾಜಿ, ಥಂಡಿ ಹತ್ತುತ್ತದೆ, ಒಳಗೆ ಬನ್ನಿ, ಬಿಸಿ ಚಹಾ ಕೊಡಿಸುತ್ತೇನೆ ಎಂದ. ಅಷ್ಟು ಹಿಂದಿ ನನಗೂ ತಿಳಿಯುತ್ತದೆ.

"ಚಾ ಇಲ್ಲೇ ತರಸಂತ ಹೇಳ. ಸಕ್ಕರಿ ಕಮ್ಮಿ."

ಹುಡುಗಿ ಅಂಥ ಹೊತ್ತಿನಲ್ಲೂ ನಗು ತಡೆಯಲಿಲ್ಲ. ಅತಿಥಿಗಳು ಸುತ್ತ ನೆರೆದರು. ಗುಲಾಬಿ ಜಾಕೀಟಿನವಳು ಮೊಬೈಲು ನನ್ನ ಮುಖಕ್ಕೆ ಹಿಡಿದು ಏನೋ ಉಲಿದಳು.

"ಇಕಿ ಏನಂದ್ಲು?"

"ನೀ ಭಾಳ ಛಂದ ಅದಿ ಅಂದ್ಲು."

"ಛಂದ ಕಾಣಾಕ ಕುಂತಿಲ್ಲಂತ ಹೇಳ."

ಇದನ್ನು ಅವಳು ಹಾಗೇ ಹೇಳಿದಳೆಂದು ತೋರುತ್ತದೆ, ಮೊಬೈಲು ಕೆಳಗಿಳಿಯಿತು. ಆ ಹೆಂಗಸಿನ ಗಂಡ ಕೋಚನನ್ನು ಕೇಳಿದ, ವಿಷಯವೇನು ಎಂದು. ಆಗ ಆ ಕೋಚ್ ಮೊದಲ ಸಲ ಬಾಯಿ ಬಿಟ್ಟ. ಇದು ಮಕ್ಕಳ ಹೊತ್ತು, ಇವತ್ತು ಅವರ ಪರೀಕ್ಷೆ ಎಂದ. ಆ ಗಂಡಸು ಹಲಗೆ ಕಂಕುಳಲ್ಲಿ ಇಟ್ಟುಕೊಂಡು, ನಮಗೆ ಯಾರೂ ಹೇಳಲೇ ಇಲ್ಲವಲ್ಲ, ಹೇಳಿದ್ದರೆ ನಾವು ಮಧ್ಯಾಹ್ನ ಬರುತ್ತಿದ್ದೆವು ಎಂದ. ಉಳಿದವರೂ ಹೌದೆಂದರು. ಎಲ್ಲರೂ ತಿಂಡಿಗೆ ಹೋದರು.

ಅದು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು, ನೆತ್ತಿಗೇರಿತು. ಅತಿಥಿಗಳು ಕೇಳಿಯೇ ಇರಲಿಲ್ಲ. ಅವರು ಕೇಳದೆಯೇ ಮ್ಯಾನೇಜರ್ ಮಕ್ಕಳದನ್ನು ಕಿತ್ತು ಅವರ ಮುಂದೆ ಇಟ್ಟಿದ್ದ. ಕೋಚ್ ಬೂಟು ನೋಡುತ್ತ ನಿಂತಿದ್ದ. ಇಷ್ಟೂ ದಿನ ಒಂದು ಮಾತಿನ ಕೆಲಸ ಇತ್ತು, ಯಾರೂ ಆಡಲಿಲ್ಲ.

ಪರೀಕ್ಷೆ ಶುರುವಾಯಿತು. ಪಟ್ಟಿಯುದ್ದಕ್ಕೂ ಬಿದಿರು ಕೋಲು ನೆಟ್ಟು, ಅವುಗಳ ನಡುವೆ ಆ ಕಡೆ ಈ ಕಡೆ ತಿರುಗಿ ಬೀಳದೆ ಇಳಿಯಬೇಕು. ಮೊಮ್ಮಗಳು ಛಲೋ ಹೊರಟಳು. ಆದರೆ ಅವಳ ಕಾಲಿಗೆ ರೂಢಿಯಾದದ್ದು ಸಂಜೆಯ ಗಾಜು. ಅದರ ಮೇಲೆ ಒತ್ತಿ ಒತ್ತಿ ತಿರುಗಬೇಕಿತ್ತು. ಮೆತ್ತನೆಯ ಹಿಮದ ಮೇಲೂ ಅಷ್ಟೇ ಒತ್ತಿದಳು. ಕೊನೆಯ ಕೋಲಿನ ಹತ್ತಿರ ಸ್ಕೀ ಹಿಮದೊಳಗೆ ಹೂತು, ಹುಡುಗಿ ಮಗುಚಿ ಬಿದ್ದಳು. ಒಂದು ಸ್ಕೀ ಕಾಲಿಂದ ಕಳಚಿ, ತಾನೊಂದೇ ಕೆಳಗಿನ ಮುಗಿಯುವ ಗೆರೆ ದಾಟಿ ಹೋಗಿ ನಿಂತಿತು.

"ಇವಳು ಮಂಜುಗಡ್ಡೆಯ ಮೇಲೆ ಕಲಿತಳು," ಎಂದ ಕೋಚ್, ಅದು ತಾನಾಗಿ ಆದ ಹಾಗೆ.

"ಕಲಿಸಿದವರ್ಯಾರು ಕೇಳ," ಎಂದೆ. ಅವಳು ಕೇಳಲಿಲ್ಲ.

ಆಗ ಮ್ಯಾನೇಜರ್ ಬಂದ. ನನ್ನನ್ನು ಅಲ್ಲಿಂದ ಎಬ್ಬಿಸಿದರೆ ಸಾಕಾಗಿತ್ತು ಅವನಿಗೆ. ಅಮ್ಮಾಜಿಯ ಹುಡುಗಿಗೆ ಇನ್ನೊಂದು ಅವಕಾಶ ಕೊಟ್ಟುಬಿಡು ಎಂದ. ಕೋಚ್ ಹೂಂ ಎಂದು ತಲೆಯಾಡಿಸಿದ. ಮೇಲೆ ಇನ್ನೂ ಮಕ್ಕಳು ನಿಂತಿದ್ದರು. ಬಿಸಿಲು ಏರಿ, ಪಟ್ಟಿಯ ನಡುವೆ ಅಲ್ಲಲ್ಲಿ ಹುಲ್ಲು ಇಣುಕತೊಡಗಿತ್ತು. ಒಬ್ಬರು ಹೆಚ್ಚಿಗೆ ಇಳಿದರೆ ಕೊನೆಯವರಿಗೆ ಹಿಮವೇ ಉಳಿಯುತ್ತಿರಲಿಲ್ಲ. ಮೊಮ್ಮಗಳು ಮೇಲೆ ನೋಡಿದಳು, ಮೈಮೇಲಿನ ಹಿಮ ಕೊಡವಿಕೊಂಡಳು, ಬೇಡ ಸರ್ ಎಂದಳು.

ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಅದರಲ್ಲಿ ನನಗೆ ನಾಚಿಕೆಯಿಲ್ಲ.

"ಯಾಕ ಬ್ಯಾಡ ಅಂದಿ?"

"ಅವರದೂ ಪರೀಕ್ಷಾನ ಆಯಿ."

"ಅವರ ಆಯಿಗಳು ಬಂದು ಕುಂತಿದ್ರೇನು ಇಲ್ಲಿ? ನನ್ನ ಕಾಲು ಕೊರಡಾಗ್ಯಾವ."

"ನೀನ ಪಾಳಿ ಪಾಳಿ ಅಂತ ಕುಂತಿ."

"ಅದನ್ನ ಅವರಿಗಂದದ್ದು. ನಿನಗಲ್ಲ."

ಅವಳು ಹೋಗಿ ಕಳಚಿದ ಸ್ಕೀ ಎತ್ತಿಕೊಂಡು ಬಂದಳು. ಪಾಸಾದವರಲ್ಲಿ ಅವಳ ಹೆಸರಿರಲಿಲ್ಲ.

ಬಸ್ಸಿನಲ್ಲಿ ಕೆಳಗಿಳಿಯುವಾಗ ಮಗನ ಫೋನು ಬಂತು. ಹುಡುಗಿ ತೆಗೆಯಲಿಲ್ಲ, ನನ್ನ ತೊಡೆಯ ಮೇಲೆ ಇಟ್ಟಳು.

"ಏನಾತು?"

"ಬಿದ್ಲು."

"ಹೋಗ್ಲಿ ಬಿಡ. ಇನ್ನ ಪುಸ್ತಕ ಹಿಡೀಲಿ."

"ಹಿಡೀತಾಳ. ಮುಂದಿನ ವರ್ಷ ಮತ್ತ ಬರ್ತಾಳ."

"ಯವ್ವಾ, ಮಾತಾಗಿತ್ತು. ಇದೊಂದ ಸಲ ಅಂತ."

"ಸಲ ಎಲ್ಲಾತು? ಕಲಿಯೂ ಹೊತ್ತನ್ಯಾಗ ಹಿಮ ಕಸಗೊಂಡು, ಪರೀಕ್ಷಾಕ ಕೊಟ್ರ ಅದು ಸಲಾ ಏನು? ನಿನಗ ರಜಾ ಇತ್ತು. ಬಂದಿದ್ರ ಕಣ್ಣಿಲೆ ನೋಡ್ತಿದ್ದಿ."

"ನಾ ಹೂಂ ಅನ್ನೂದಿಲ್ಲ."

"ನಾ ನಿನ್ನ ಕೇಳಾಕತ್ತಿಲ್ಲ, ಹೇಳಾಕತ್ತೇನಿ."

ಅವನು ಫೋನು ಇಟ್ಟ. ಹುಡುಗಿ ಕಿಟಕಿಗೆ ಹಣೆ ಆನಿಸಿ ಕುಳಿತಿದ್ದಳು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದ್ದಳು, ಬಂದಿರಲಿಲ್ಲ.

ಊರಿಗೆ ಬಂದ ಮರುದಿನವೇ ಮಗ ಸೈಕಲ್ಲಿಗೆ ಬೀಗ ಜಡಿದು, ಬೀಗದ ಕೈ ಕಪಾಟಿನಲ್ಲಿಟ್ಟು ಬ್ಯಾಂಕಿಗೆ ಹೋದ. ನಾನು ಕಪಾಟು ತೆಗೆದೆ. ಸಂಜೆ ಬಂದು ಹುಡುಕಿದ, ಹೆಂಡತಿಯನ್ನು ಕೇಳಿದ, ಮಗಳನ್ನು ಕೇಳಿದ. ಕೊನೆಗೆ ನನ್ನ ಮುಂದೆ ಬಂದು ನಿಂತ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ಅವನಿಗೂ ಕಂಡಿತು. ಅವನು ಕೈ ಚಾಚಲಿಲ್ಲ, ನಾನೂ ಕೊಡಲಿಲ್ಲ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ. ಹುಡುಗಿ ದಿನಾ ನಸುಕಿನಲ್ಲಿ ಮುಧೋಳ ರಸ್ತೆಗೆ ಹೋಗುತ್ತಾಳೆ.